ದೂರವನ್ನು ಶಹಾಬಾದಿನ ಮನೆಬಾಗಿಲಿನಿಂದ ಅಳೆಯಿರಿ

ಕಲಬುರಗಿ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 465 ಕಿಲೋಮೀಟರ್ ಆಗುತ್ತದೆ. ಜೆಟ್ ವಿಮಾನಕ್ಕೆ ಇದು ಒಂದು ಗಂಟೆಯ, ಹೆಚ್ಚೆಂದರೆ ಒಂದು ಗಂಟೆ ಹತ್ತು ನಿಮಿಷದ ಹಾರಾಟ. 2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿ ಬಳಿಯ ಈ ನಿಲ್ದಾಣ ಉದ್ಘಾಟನೆಯಾದಾಗ, ರಾಜಧಾನಿ ಇನ್ನು ಒಂದು ಗಂಟೆಯ ದಾರಿ ಎಂಬ ಭರವಸೆ ಜಿಲ್ಲೆಯ ತುಂಬ ಹಬ್ಬಿತು. ಆದರೆ ಆ ಒಂದು ಗಂಟೆ ವಿಮಾನದ ಲೆಕ್ಕ, ಪ್ರಯಾಣಿಕನ ಲೆಕ್ಕವಲ್ಲ. ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಗಳಲ್ಲಿ ಇರುವವರಿಗೆ ಮುಖ್ಯವಾದದ್ದು ಮನೆಯ ಬಾಗಿಲು ಹಾಕಿ ಹೊರಟ ಗಳಿಗೆಯಿಂದ ಹೋಗಬೇಕಾದ ಆಸ್ಪತ್ರೆ, ಕಚೇರಿ ಅಥವಾ ಕೆಲಸದ ಜಾಗ ಮುಟ್ಟುವವರೆಗಿನ ಹೊತ್ತು. ನಮ್ಮ ಸರ್ಕಾರಗಳು ನಿಲ್ದಾಣದಿಂದ ನಿಲ್ದಾಣಕ್ಕೆ ದೂರ ಅಳೆದು ಹಣ ಹೂಡುತ್ತಿವೆ. ಮನೆಬಾಗಿಲಿನಿಂದ ಅಳೆದರೆ ಆ ಹಣ ಹೋಗಬೇಕಾದ ಜಾಗಗಳೇ ಬದಲಾಗುತ್ತವೆ ಎಂಬುದು ಈ ಬರಹದ ವಾದ.

ಮೊದಲು ಈ ನೇರ ದೂರ ಎಲ್ಲಿಂದ ಬರುತ್ತದೆ ಎಂದು ನೋಡೋಣ. ಪ್ರತಿ ವಿಮಾನ ನಿಲ್ದಾಣಕ್ಕೂ ಅಕ್ಷಾಂಶ, ರೇಖಾಂಶಗಳಿರುವ ಒಂದು ನಿಗದಿತ ಬಿಂದು ಇರುತ್ತದೆ. ಭೂಮಿ ಗುಂಡಾಗಿರುವುದರಿಂದ ಅಂಥ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದಾರಿ ಭೂಮಿಯ ಮೈಮೇಲೆ ಬಾಗಿದ ಗೆರೆಯಾಗಿರುತ್ತದೆ. ಕಲಬುರಗಿ–ಬೆಂಗಳೂರಿನಂಥ ಹತ್ತಿರದ ಊರುಗಳಿಗೆ ಆ ಬಾಗು ಕಣ್ಣಿಗೆ ಕಾಣುವುದೇ ಇಲ್ಲ. ದೂರ ಹೆಚ್ಚಿದಂತೆ ಅದು ಅಚ್ಚರಿ ಹುಟ್ಟಿಸುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಎಲ್ಲಿಯೂ ಇಳಿಯದೆ ಹಾರಿಸಿಕೊಂಡು ಬಂದ ವಿಮಾನ ಉತ್ತರ ಧ್ರುವದ ಮೇಲಿಂದ ಬಂತು. ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಆ ದಾರಿ ಸುತ್ತುದಾರಿಯಂತೆ ಕಾಣುತ್ತದೆ, ಗೋಳದ ಮೇಲೆ ದಾರ ಹಿಡಿದು ನೋಡಿದರೆ ಅದೇ ಹತ್ತಿರದ್ದು. ಸುಮಾರು 14,000 ಕಿಲೋಮೀಟರಿನ ಆ ಹಾದಿಗೆ ಹದಿನೇಳು ಗಂಟೆಯಷ್ಟು ಹಿಡಿಯಿತು, ಅಂದರೆ ಗಂಟೆಗೆ 800 ಕಿಲೋಮೀಟರಿಗೂ ಹೆಚ್ಚು ವೇಗ. ಅದೇ ವೇಗದಲ್ಲಿ ಕಲಬುರಗಿಯಿಂದ ಬೆಂಗಳೂರಿಗೆ ಮೂವತ್ತೈದು ನಿಮಿಷ ಸಾಕಾಗಬೇಕು. ವೇಳಾಪಟ್ಟಿಯಲ್ಲಿ ಮಾತ್ರ ಅದರ ಎರಡರಷ್ಟು ಹೊತ್ತು ಇರುತ್ತದೆ. ರನ್‌ವೇವರೆಗೆ ಸಾಗುವುದು, ಮೇಲೇರುವುದು, ಇಳಿಯಲು ಸರತಿಗಾಗಿ ಕಾಯುವುದು, ಇಳಿದ ಮೇಲೆ ನಿಲ್ಲುವ ಜಾಗ ಸೇರುವುದು, ಇವೆಲ್ಲ ದೂರ ಎಷ್ಟೇ ಇದ್ದರೂ ಕಡಿಮೆಯಾಗದ ಹೊತ್ತು. ಉದ್ದನೆಯ ಹಾರಾಟದಲ್ಲಿ ಈ ಹೊತ್ತು ಕರಗಿಹೋಗುತ್ತದೆ. ಚಿಕ್ಕ ಹಾರಾಟದಲ್ಲಿ ಅರ್ಧದಷ್ಟು ವೇಳೆಯನ್ನು ಅದೇ ನುಂಗುತ್ತದೆ.

ಆಕಾಶದಲ್ಲಿಯೂ ದೂರ ಮತ್ತು ಹೊತ್ತು ಜೊತೆಜೊತೆಯಾಗಿ ನಡೆಯುವುದಿಲ್ಲ. ಎತ್ತರದ ಗಾಳಿ ನಮ್ಮ ಭಾಗದಲ್ಲಿ ಬಹುಪಾಲು ಪಶ್ಚಿಮದಿಂದ ಪೂರ್ವಕ್ಕೆ ಬೀಸುವುದರಿಂದ ದುಬೈಗೆ ಹೋಗುವಾಗ ಹಿಡಿಯುವ ಹೊತ್ತು ಬರುವಾಗಿನದಕ್ಕಿಂತ ಸಾಮಾನ್ಯವಾಗಿ ಹೆಚ್ಚು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ವಾಯುಪ್ರದೇಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಯುರೋಪು, ಅಮೆರಿಕಗಳಿಗೆ ಹೋಗುವ ಹಾರಾಟಗಳು ಉದ್ದವಾದವು. ಊರುಗಳ ನಡುವಿನ ದೂರ ಒಂದು ಗೇಣೂ ಬದಲಾಗಿರಲಿಲ್ಲ. ಟಿಕೆಟ್ಟಿನ ಮೇಲಿನ ಗಂಟೆಗಳೂ ಓದುಗನ ದಾರಿ ತಪ್ಪಿಸುತ್ತವೆ. ದುಬೈ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದಿದೆ. ಹಾಗಾಗಿ ನಾಲ್ಕು ಗಂಟೆ ಹಾರಿ ಅಲ್ಲಿ ಇಳಿದವನಿಗೆ ಟಿಕೆಟ್ಟಿನಲ್ಲಿ ಎರಡೂವರೆ ಗಂಟೆಯ ಅಂತರ ಕಾಣುತ್ತದೆ. ಮೂರೂವರೆ ಗಂಟೆ ಹಾರಿ ವಾಪಸು ಬಂದಾಗ ಐದು ಗಂಟೆಯ ಅಂತರ ಕಾಣುತ್ತದೆ. ಇಷ್ಟೆಲ್ಲ ಏರುಪೇರು ಇದ್ದರೂ ಆಕಾಶದ ಹೊತ್ತನ್ನು ಮೊದಲೇ ಹೇಳಬಹುದು. ವಿಮಾನ ಸಂಸ್ಥೆ ಅದನ್ನು ಅಚ್ಚು ಹಾಕಿಯೇ ಟಿಕೆಟ್ ಮಾರುತ್ತದೆ. ನೆಲದ ಮೇಲಿನ ಹೊತ್ತಿಗೆ ಅಚ್ಚು ಹಾಕಿದ ಪಟ್ಟಿ ಯಾರ ಹತ್ತಿರವೂ ಇಲ್ಲ, ಅದಕ್ಕೆ ಹೊಣೆಗಾರರೂ ಇಲ್ಲ.

ಶಹಾಬಾದಿನಿಂದ ಬೆಂಗಳೂರಿನ ಮೆಜೆಸ್ಟಿಕ್‌ವರೆಗಿನ ಲೆಕ್ಕವನ್ನು ಹಾಕಿ ನೋಡಿ. ನಕ್ಷೆಯಲ್ಲಿ ಶಹಾಬಾದಿಗೂ ಕಲಬುರಗಿ ವಿಮಾನ ನಿಲ್ದಾಣಕ್ಕೂ ನೇರ ಅಂತರ ಇಪ್ಪತ್ತು ಕಿಲೋಮೀಟರ್ ಮಾತ್ರ. ಬಸ್ ನಂಬಿದವರು ಮೊದಲು ಸುಮಾರು 25 ಕಿಲೋಮೀಟರ್ ಕಲಬುರಗಿಗೆ ಹೋಗಿ, ಅಲ್ಲಿಂದ ಸೇಡಂ ರಸ್ತೆಯಲ್ಲಿ ಮತ್ತೆ ಹದಿನಾಲ್ಕು ಕಿಲೋಮೀಟರ್ ಪೂರ್ವಕ್ಕೆ ಬರಬೇಕು. ಇದಕ್ಕೆ ಒಂದರಿಂದ ಒಂದೂವರೆ ಗಂಟೆ ಇಟ್ಟುಕೊಳ್ಳೋಣ. ತಪಾಸಣೆಗೆ ಕನಿಷ್ಠ ಒಂದೂವರೆ ಗಂಟೆ ಮುಂಚೆ ಅಲ್ಲಿರಬೇಕು. ಹಾರಾಟ ಒಂದು ಗಂಟೆ ಹತ್ತು ನಿಮಿಷ. ಇಳಿದು ಸಾಮಾನು ತೆಗೆದುಕೊಂಡು ಹೊರಬರಲು ಅರ್ಧ ಗಂಟೆ. ದೇವನಹಳ್ಳಿಯಿಂದ ಮೆಜೆಸ್ಟಿಕ್‌ಗೆ ಬೆಂಗಳೂರಿನ ಸಂಚಾರದಲ್ಲಿ ಒಂದೂಕಾಲು ಗಂಟೆಗೆ ಕಡಿಮೆಯಿಲ್ಲ. ಒಟ್ಟು ಐದೂವರೆಯಿಂದ ಆರು ಗಂಟೆ. ಅದರಲ್ಲಿ ವಿಮಾನ ತೆಗೆದುಕೊಂಡದ್ದು ಐದನೇ ಒಂದು ಪಾಲು. ಉಳಿದ ನಾಲ್ಕು ಪಾಲು ರಸ್ತೆಗೆ, ಕಾಯುವುದಕ್ಕೆ, ಸಾಲಿನಲ್ಲಿ ನಿಲ್ಲುವುದಕ್ಕೆ ಹೋಯಿತು. ಚಿಂಚೋಳಿಯವರಿಗೆ ಈ ಲೆಕ್ಕ ಇನ್ನೂ ಭಾರ. ಕಲಬುರಗಿ ನಿಲ್ದಾಣಕ್ಕೆ ಅವರ ಊರು ನೇರ ಗೆರೆಯಲ್ಲೇ ಐವತ್ತು ಕಿಲೋಮೀಟರ್ ಆಚೆ ಇದೆ, ರೈಲಂತೂ ಆ ಊರಿಗೆ ಇಲ್ಲವೇ ಇಲ್ಲ. ನಾಳೆ ಇದಕ್ಕಿಂತ ವೇಗದ ವಿಮಾನ ತಂದರೂ ಈ ಪಯಣದಲ್ಲಿ ಉಳಿಯುವುದು ಐದು–ಹತ್ತು ನಿಮಿಷ. ವಿಮಾನದ ವೇಳೆಗೆ ಹೊಂದಿಸಿದ ಒಂದು ನೇರ ಬಸ್ ಕೊಟ್ಟರೆ ಮುಕ್ಕಾಲು ಗಂಟೆ ಉಳಿಯುತ್ತದೆ.

ರೈಲಿನ ಕಡೆಗೂ ಇದೇ ಕಣ್ಣಿನಿಂದ ನೋಡಬೇಕು. 2024ರ ಮಾರ್ಚ್‌ನಲ್ಲಿ ಕಲಬುರಗಿ–ಬೆಂಗಳೂರು ವಂದೇ ಭಾರತ್ ಆರಂಭವಾಯಿತು. ಸುಮಾರು 550 ಕಿಲೋಮೀಟರ್ ಹಾದಿಯನ್ನು ಅದು ಒಂಬತ್ತು ಗಂಟೆಯೊಳಗೆ ಮುಗಿಸುವಂತೆ ವೇಳಾಪಟ್ಟಿ ಹಾಕಲಾಯಿತು. ಆಗ ಪ್ರಕಟವಾದ ನಿಲುಗಡೆಗಳು ರಾಯಚೂರು, ಮಂತ್ರಾಲಯ ರೋಡ್, ಗುಂತಕಲ್, ಅನಂತಪುರ, ಯಲಹಂಕ. ಜನರ ಒತ್ತಾಯದಿಂದ ಆಮೇಲೆ ಯಾದಗಿರಿ ಸೇರಿತು. ಶಹಾಬಾದ ಅಥವಾ ವಾಡಿ ಆ ಪಟ್ಟಿಯಲ್ಲಿ ಇರಲಿಲ್ಲ. ಅಂದರೆ ಶಹಾಬಾದಿನವರು ನಸುಕಿನ ಆ ರೈಲು ಹಿಡಿಯಲು ಕತ್ತಲಲ್ಲೇ ಎದ್ದು ಉತ್ತರಕ್ಕೆ ಕಲಬುರಗಿಗೆ ಹೋಗಬೇಕು. ಹತ್ತಿ ಕೂತ ಮೇಲೆ ಅದೇ ರೈಲು ಸ್ವಲ್ಪ ಹೊತ್ತಿನಲ್ಲಿ ಅವರ ಊರಿನ ನಿಲ್ದಾಣದ ಮೂಲಕವೇ ನಿಲ್ಲದೆ ದಕ್ಷಿಣಕ್ಕೆ ಸಾಗುತ್ತದೆ. ವಾಡಿ ಎಂದರೆ ಮುಂಬೈ–ಚೆನ್ನೈ ಮಾರ್ಗ ಮತ್ತು ಸಿಕಂದರಾಬಾದ್ ಮಾರ್ಗ ಕೂಡುವ ಜಂಕ್ಷನ್. ಚಿತ್ತಾಪುರ, ಸೇಡಂ ಕಡೆಯಿಂದ ರೈಲಿನಲ್ಲಿ ಬರುವವರು ಸಹಜವಾಗಿ ಬಂದಿಳಿಯುವ ಜಾಗ ಅದು. ಎರಡು ನಿಮಿಷ ನಿಂತರೆ ಎರಡು ಮಾರ್ಗಗಳ ಜನರಿಗೆ ಒಂದು ಗಂಟೆಗೂ ಹೆಚ್ಚು ಉಳಿಯುತ್ತದೆ. ವೇಗದ ರೈಲು ಎಲ್ಲ ಕಡೆ ನಿಂತರೆ ವೇಗದ ಅರ್ಥವೇನು ಎಂದು ರೈಲ್ವೆಯವರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ರೈಲಿನೊಳಗಿನವರು ಕಳೆದುಕೊಳ್ಳುವ ಎರಡು–ಮೂರು ನಿಮಿಷವನ್ನು ಮಾತ್ರ ತೂಗಿ, ಹೊರಗಿನವರು ಕಳೆದುಕೊಳ್ಳುತ್ತಿರುವ ಗಂಟೆಯನ್ನು ತೂಗದೆ ಬಿಡುವುದು ಸರಿಯಾದ ತೂಕವಲ್ಲ.

ನಿಜವಾದ ಭಾರ ಕಾಣುವುದು ದೂರದ ಪಯಣದಲ್ಲಿ. ಈ ಐದೂ ಊರುಗಳಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರಿದ್ದಾರೆ, ಅಮೆರಿಕ–ಇಂಗ್ಲೆಂಡ್‌ಗಳಲ್ಲಿ ಓದುವ, ಕೆಲಸ ಮಾಡುವ ಮಕ್ಕಳಿರುವ ಮನೆಗಳಿವೆ. ಅವರಿಗೆ ಹತ್ತಿರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹೈದರಾಬಾದಿನ ಶಂಶಾಬಾದ್. ಶಹಾಬಾದಿನಿಂದ ಅಲ್ಲಿಗೆ ನೇರ ಗೆರೆ ಸುಮಾರು 160 ಕಿಲೋಮೀಟರ್, ಸೇಡಂನಿಂದ 120ರ ಆಸುಪಾಸು, ಚಿಂಚೋಳಿಯಿಂದ 110. ಶಂಶಾಬಾದಿನಿಂದ ದುಬೈಗೆ ಸುಮಾರು 2,550 ಕಿಲೋಮೀಟರ್, ನಾಲ್ಕು ಗಂಟೆಯ ಹಾರಾಟ. ಕೊಲ್ಲಿಯ ಕಡೆಗಿನ ಅನೇಕ ವಿಮಾನಗಳು ರಾತ್ರಿ ಅಥವಾ ನಸುಕಿನಲ್ಲಿ ಹೊರಡುತ್ತವೆ. ಬೆಳಗಿನ ನಾಲ್ಕಕ್ಕೆ ವಿಮಾನ ಎಂದಿಟ್ಟುಕೊಳ್ಳಿ. ಅಂತರರಾಷ್ಟ್ರೀಯ ಪ್ರಯಾಣವಾದ್ದರಿಂದ ಒಂದು ಗಂಟೆಗೆ ನಿಲ್ದಾಣದಲ್ಲಿರಬೇಕು. ಶಹಾಬಾದಿನಿಂದ ಸೇಡಂ, ರಿಬ್ಬನಪಲ್ಲಿ, ಕೊಡಂಗಲ್, ಪರಿಗಿ, ಚೇವೆಳ್ಳ ದಾಟಿ ಹೋಗುವ ಹಾದಿ ಇನ್ನೂರು ಕಿಲೋಮೀಟರಿನಷ್ಟಾಗುತ್ತದೆ. ಕತ್ತಲಲ್ಲಿ ನಾಲ್ಕೂವರೆ–ಐದು ಗಂಟೆ ಬೇಕು. ಟೈರು ಪಂಕ್ಚರ್ ಆದರೆ, ರಸ್ತೆ ಕೆಲಸ ನಡೆದಿದ್ದರೆ ಎಂಬ ಭಯಕ್ಕೆ ಇನ್ನೊಂದು ಗಂಟೆ. ಸಂಜೆ ಏಳಕ್ಕೆ ಮನೆ ಬಿಡಬೇಕು. ದುಬೈಯಲ್ಲಿ ಇಳಿದು ಹೊರಬರುವಷ್ಟರಲ್ಲಿ ಹದಿನಾಲ್ಕು ಗಂಟೆ ಕಳೆದಿರುತ್ತದೆ. ಒಟ್ಟು ದೂರದ ಹತ್ತರಲ್ಲಿ ಒಂಬತ್ತು ಪಾಲಿಗೂ ಹೆಚ್ಚನ್ನು ವಿಮಾನ ನಾಲ್ಕು ಗಂಟೆಯಲ್ಲಿ ದಾಟಿಸಿತು. ಉಳಿದ ಚೂರು ಹತ್ತು ಗಂಟೆ ತಿಂದಿತು. ವಾಪಸು ಬರುವಾಗಲೂ ಹೀಗೆಯೇ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಸಿಗುವ ರಜೆಯ ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ರಸ್ತೆಯ ಮೇಲೆ ಕಳೆಯುತ್ತವೆ.

ಹಾಗಾದರೆ ಕಲಬುರಗಿಯಿಂದಲೇ ಬೆಂಗಳೂರಿಗೆ ಹಾರಿ, ಅಲ್ಲಿಂದ ದುಬೈಗೆ ಹೋಗಬಹುದಲ್ಲ ಎಂದು ಕೇಳಬಹುದು. ವಿಮಾನವಿದ್ದಾಗ ಹೋಗಬಹುದು. ಆದರೆ ದೂರದ ಲೆಕ್ಕ ಏನು ಹೇಳುತ್ತದೆ ನೋಡಿ. ಕಲಬುರಗಿಯಿಂದ ದುಬೈಗೆ ನೇರ ಅಂತರ 2,400 ಕಿಲೋಮೀಟರ್. ಬೆಂಗಳೂರು ಮುಟ್ಟಿ ಹೋದರೆ 465ಕ್ಕೆ 2,700 ಸೇರಿ 3,150 ದಾಟುತ್ತದೆ. ವಾಯವ್ಯಕ್ಕೆ ಹೋಗಬೇಕಾದವನು ಮೊದಲು ದಕ್ಷಿಣಕ್ಕೆ ಹೋಗಿ, 750 ಕಿಲೋಮೀಟರ್ ಹೆಚ್ಚು ಹಾರಿ, ನಡುವೆ ದೇವನಹಳ್ಳಿಯಲ್ಲಿ ಕೆಲವು ಗಂಟೆ ಕಾಯಬೇಕು. ಅದಕ್ಕಾಗಿಯೇ ಜನ ಯಾರೂ ಹೇಳಿಕೊಡದೆ ಶಂಶಾಬಾದಿನ ದಾರಿ ಹಿಡಿಯುತ್ತಾರೆ. ಜನ ಆಗಲೇ ಆರಿಸಿಕೊಂಡ ದಾರಿಯನ್ನು ಸುಗಮ ಮಾಡಿಕೊಡುವುದು ಸರ್ಕಾರದ ಕೆಲಸ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಶಂಶಾಬಾದ್ ಬೇರೆ ರಾಜ್ಯದ್ದು, ಕರ್ನಾಟಕದ ಹಣದಿಂದ ಅಲ್ಲಿಗೆ ಬಸ್ ಓಡಿಸುವುದೆಂದರೆ ನಮ್ಮ ನಿಲ್ದಾಣವನ್ನು ನಾವೇ ಬಡವಾಗಿಸಿದಂತೆ ಎನ್ನುವವರಿದ್ದಾರೆ. ಏಕೀಕರಣಕ್ಕೆ ಹೋರಾಡಿದ ನೆಲದಲ್ಲಿ ಈ ಮಾತಿಗೆ ತೂಕವಿದೆ, ಅದನ್ನು ತಳ್ಳಿಹಾಕಲಾಗದು. ಆದರೂ ಭೂಗೋಳವನ್ನು ಒಪ್ಪಿಕೊಳ್ಳಲೇಬೇಕು. ನಿಜಾಮರ ರೈಲು ವಾಡಿಯನ್ನು ಹೈದರಾಬಾದಿಗೆ ಜೋಡಿಸಿದ್ದು 1874ರಲ್ಲಿ. ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರುಗಳು ಅಂದಿನಿಂದ ಒಂದೇ ಹಳಿಯ ಮೇಲಿನ ಊರುಗಳು. 1956ರ ನವೆಂಬರ್ 1ರಂದು ತಾಂಡೂರನ್ನು ಬಿಟ್ಟು ಉಳಿದ ಊರುಗಳ ರಾಜಧಾನಿ ಬದಲಾಯಿತು. ಶಹಾಬಾದಿನಿಂದ ಹೈದರಾಬಾದ್ ನೇರ ಗೆರೆಯಲ್ಲಿ 165 ಕಿಲೋಮೀಟರ್, ಬೆಂಗಳೂರು 465ಕ್ಕೂ ತುಸು ಹೆಚ್ಚು. ಕನ್ನಡ ನಾಡಿನೊಂದಿಗೆ ಒಂದಾಗಲು ಈ ಜನ ರಾಜಧಾನಿಯನ್ನು ಸುಮಾರು ಮೂರು ಪಟ್ಟು ದೂರಕ್ಕೆ ಒಪ್ಪಿಕೊಂಡರು. ಆ ಋಣವನ್ನು ರಾಜ್ಯ ನೆನೆಯಬೇಕಾದ ಬಗೆ ಎಂದರೆ ಹತ್ತಿರದ ನಿಲ್ದಾಣದ ದಾರಿಯನ್ನು ಗಡಿಯ ನೆಪದಲ್ಲಿ ಒರಟಾಗಿ ಬಿಡುವುದಲ್ಲ. ಮೈಸೂರಿನಿಂದ ದೇವನಹಳ್ಳಿಗೆ ಫ್ಲೈಬಸ್ ಓಡಿದಾಗ ಮೈಸೂರಿನ ವಿಮಾನ ನಿಲ್ದಾಣಕ್ಕೆ ಅನ್ಯಾಯವಾಯಿತು ಎಂದು ಯಾರೂ ವಾದಿಸಲಿಲ್ಲ. ಮೈಸೂರಿಗೆ ಸರಿ ಎನಿಸಿದ್ದು ಸೇಡಂಗೂ ಸರಿ.

ಎರಡನೆಯ ಆಕ್ಷೇಪ: ವಿಮಾನ ಹತ್ತುವವರಿಗೆ ಕಾರು ಇರುತ್ತದೆ, ಬಸ್ ಯಾರಿಗೆ ಬೇಕು? ಈ ಊಹೆ ಮೂವತ್ತು ವರ್ಷ ಹಳೆಯದು. ಕಲ್ಲುಗಣಿಯಲ್ಲಿ ಫರಸಿ ಸೀಳುವವರ ಮಗ, ಸಿಮೆಂಟ್ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನ ತಮ್ಮ, ನರ್ಸಿಂಗ್ ಓದಿದ ಹುಡುಗಿ, ಮೆಕ್ಕಾ–ಮದೀನಾ ಯಾತ್ರೆಗೆ ಹೊರಟ ವಯಸ್ಸಾದ ದಂಪತಿ ಇಂದು ವಿಮಾನ ಹತ್ತುತ್ತಾರೆ. ಇವರ ಮನೆಗಳಲ್ಲಿ ಕಾರಿಲ್ಲ. ಇವರು ಕ್ರೂಸರ್ ಬಾಡಿಗೆ ಹಿಡಿಯುತ್ತಾರೆ, ಇಲ್ಲವೇ ಟಂಟಂ, ಬಸ್, ರೈಲು, ಮತ್ತೆ ಬಸ್ ಎಂದು ಸಾಮಾನು ಹೊತ್ತು ಬದಲಾಯಿಸುತ್ತ ಹೋಗುತ್ತಾರೆ. ಬಾಡಿಗೆ ಗಾಡಿಯವನು ಖಾಲಿ ವಾಪಸು ಬರುವ ದಾರಿಗೂ ಹಣ ಎಣಿಸುತ್ತಾನೆ, ಅದು ಅವನ ತಪ್ಪಲ್ಲ. ಅಂದಮೇಲೆ ಇನ್ನೂರು ಕಿಲೋಮೀಟರಿಗೆ ನಾನೂರು ಕಿಲೋಮೀಟರಿನ ಬಾಡಿಗೆ. ವಿಮಾನದ ಟಿಕೆಟ್ಟನ್ನು ತಿಂಗಳು ಮುಂಚೆ ಕೊಂಡರೆ ಅಗ್ಗವಾಗಬಹುದು, ಈ ಬಾಡಿಗೆ ಎಂದೂ ಅಗ್ಗವಾಗದು. ಮಧ್ಯರಾತ್ರಿ ಹೊರಡುವ ಒಂಟಿ ಹೆಣ್ಣುಮಗಳಿಗೆ ಹಣಕ್ಕಿಂತ ದೊಡ್ಡ ಪ್ರಶ್ನೆ ಸುರಕ್ಷತೆಯದು. ಸರ್ಕಾರಿ ಬಸ್ ಎಂದರೆ ಗೊತ್ತಾದ ವೇಳೆ, ಗೊತ್ತಾದ ನಿಲ್ದಾಣ, ಜೊತೆಗೆ ನಾಲ್ಕು ಜನ. ಅಂಥ ಬಸ್ ಇಲ್ಲದ ಕಡೆ ಪ್ರಯಾಣಿಕರೇ ಇಲ್ಲ ಎಂದು ತೀರ್ಮಾನಿಸುವುದು ಬಾವಿ ತೋಡದೆ ನೀರಿಲ್ಲ ಎಂದಂತೆ.

ಮೂರನೆಯದು ವಿಮಾನ ನಿಲ್ದಾಣದ ಪರವಾದ ವಾದ. ನಿಲ್ದಾಣ ಬಂದರೆ ಉದ್ಯಮ ಬರುತ್ತದೆ, ಆದ್ದರಿಂದ ಹಣ ಮೊದಲು ಅಲ್ಲಿಗೇ ಹೋಗಲಿ ಎನ್ನುತ್ತಾರೆ. ನಿಲ್ದಾಣ ಬೇಡ ಎಂದು ನಾನು ಹೇಳುತ್ತಿಲ್ಲ. 2008ರಲ್ಲಿ ಅಡಿಗಲ್ಲು ಬಿದ್ದು, ಹನ್ನೊಂದು ವರ್ಷ ಕಾದು ಪಡೆದ, ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ ಇರುವ ನಿಲ್ದಾಣ ಅದು. ಅದು ಬದುಕಬೇಕು. ಆದರೆ ಅದು ಹೇಗೆ ಬದುಕುತ್ತದೆ ಎಂಬುದಕ್ಕೆ ದೇಶದ ಅನುಭವ ಕಣ್ಣ ಮುಂದಿದೆ. ಕೇಂದ್ರದ ಉಡಾನ್ ಯೋಜನೆ 2016ರಲ್ಲಿ ರೂಪುಗೊಂಡಾಗ ಸುಮಾರು 500 ಕಿಲೋಮೀಟರಿನ, ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಎಂಬ ಅಳತೆಗೋಲು ಇಟ್ಟಿತು. ಕಲಬುರಗಿ–ಬೆಂಗಳೂರು ಆ ಅಳತೆಗೆ ಹೊಲಿದಂತಿತ್ತು. ಸಹಾಯಧನ ಮಾತ್ರ ಮೂರು ವರ್ಷಕ್ಕೆ ಸೀಮಿತ. ಯೋಜನೆಯ ಮೊದಲ ಮೂರು ಸುತ್ತುಗಳನ್ನು ಪರಿಶೀಲಿಸಿದ ಮಹಾಲೇಖಪಾಲರ 2023ರ ವರದಿ ಹೇಳುವಂತೆ, ಕೊಟ್ಟ 774 ಮಾರ್ಗಗಳಲ್ಲಿ 403 ಆರಂಭವೇ ಆಗಲಿಲ್ಲ. ಆರಂಭವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಆ ಅವಧಿಯ ನಂತರವೂ 2023ರ ಮಾರ್ಚ್‌ಗೆ ಉಳಿದಿದ್ದು 54. ಕಲಬುರಗಿಯಿಂದ ಹಿಂಡನ್‌ಗೆ, ತಿರುಪತಿಗೆ ಹಾರಿದ ವಿಮಾನಗಳನ್ನು ಜನ ಕಂಡರು. 2025ರ ಅಕ್ಟೋಬರ್‌ನಲ್ಲಿ ಸಹಾಯಧನದ ಅವಧಿ ಮುಗಿದು ಬೆಂಗಳೂರಿನ ವಿಮಾನವೇ ನಿಂತಿತು. ಅಂದು ಕಲಬುರಗಿಯಿಂದ ಬೆಂಗಳೂರಿಗೆ ವಿಮಾನದ ದೂರ 465 ಕಿಲೋಮೀಟರೇ ಇತ್ತು, ವಿಮಾನದ ಹೊತ್ತು ಮಾತ್ರ ಇಲ್ಲವಾಗಿತ್ತು.

ಸೀಟು ತುಂಬಿದರೆ ವಿಮಾನ ಉಳಿಯುತ್ತದೆ. ಸೀಟು ತುಂಬಬೇಕಾದರೆ ಸುತ್ತಲಿನ ತಾಲ್ಲೂಕುಗಳಿಂದ ಜನ ಸುಲಭವಾಗಿ ಬಂದು ಸೇರಬೇಕು. ನಿಲ್ದಾಣ ಇರುವುದೇ ಸೇಡಂ ರಸ್ತೆಯಲ್ಲಿ. ಸೇಡಂ, ಮಳಖೇಡದವರಿಗೆ ಅದು ಕಲಬುರಗಿ ಪೇಟೆಗಿಂತ ಮುಂಚೆ ಸಿಗುತ್ತದೆ. ಆ ದಾರಿಯಲ್ಲಿ ದಿನವಿಡೀ ಓಡುವ ಬಸ್ಸುಗಳ ವೇಳೆಯನ್ನು ಹಾರಾಟದ ವೇಳೆಗೆ ಹೊಂದಿಸಿ, ಅವನ್ನು ಗೇಟಿನ ಹೊರಗಿನ ಹೆದ್ದಾರಿಯಲ್ಲಿ ಬಿಡದೆ ಟರ್ಮಿನಲ್‌ವರೆಗೆ ಒಯ್ದರೆ ಹೊಸ ರನ್‌ವೇಯ ಒಂದು ಮೀಟರನ್ನೂ ಹಾಕದೆ ನಿಲ್ದಾಣದ ವ್ಯಾಪ್ತಿ ಹಿಗ್ಗುತ್ತದೆ. ಇನ್ನು ಉದ್ಯಮದ ಮಾತು. ಶಹಾಬಾದಿಗೆ ನಿಜಾಮರ ಕಾಲದಲ್ಲೇ ಸಿಮೆಂಟ್ ಕಾರ್ಖಾನೆ ತಂದದ್ದು ಸುಣ್ಣದ ಕಲ್ಲು ಮತ್ತು ರೈಲು ಹಳಿ. ವಾಡಿ, ಸೇಡಂ, ಮಳಖೇಡಗಳ ಕಾರ್ಖಾನೆಗಳೂ ಹಾಗೆಯೇ ಬಂದವು. ಇಲ್ಲಿನ ಉದ್ಯಮ ನೆಲದ ದಾರಿಯನ್ನು ಹಿಡಿದೇ ಬೆಳೆದಿದೆ.

ನೆಲದ ದಾರಿಯ ಸ್ಥಿತಿಗೆ ಮಳಖೇಡದ ಸೇತುವೆ ಸಾಕ್ಷಿ. ಮಳೆಗಾಲದಲ್ಲಿ ಕಾಗಿಣಾ ನದಿ ಉಕ್ಕಿದಾಗ ಈ ಸೇತುವೆ ಮುಳುಗಿ ಕಲಬುರಗಿ–ಸೇಡಂ ಸಂಚಾರ ನಿಲ್ಲುವ ಸುದ್ದಿ ಓದುಗರಿಗೆ ಹೊಸದಲ್ಲ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಊರಿನ ಮುಂದೆ ಇಂದು ಒಂದು ಜೋರು ಮಳೆ ಬಂದರೆ ಎರಡು ತಾಲ್ಲೂಕುಗಳ ಜನ ಕಲಬುರಗಿಯ ಆಸ್ಪತ್ರೆಗೂ ವಿಮಾನ ನಿಲ್ದಾಣಕ್ಕೂ ಸುತ್ತು ಹೊಡೆಯಬೇಕಾಗುತ್ತದೆ. ಹಾರಾಟ ತಪ್ಪಿದರೆ ಟಿಕೆಟ್ಟಿನ ಹಣ ಹೋಗುತ್ತದೆ. ಕೊಲ್ಲಿಯ ಕೆಲಸಕ್ಕೆ ಸೇರಬೇಕಾದ ದಿನ ತಪ್ಪಿದರೆ ಕೆಲಸವೇ ಹೋಗಬಹುದು. ಆಕಾಶದಲ್ಲಿ ಮೋಡವಿದ್ದರೆ ವಿಮಾನ ಸಂಸ್ಥೆ ಕ್ಷಮೆ ಕೇಳಿ ಬೇರೆ ವ್ಯವಸ್ಥೆ ಮಾಡುತ್ತದೆ. ಸೇತುವೆ ಮುಳುಗಿದ್ದಕ್ಕೆ ಯಾರೂ ಟಿಕೆಟ್ ಬದಲಿಸಿಕೊಡುವುದಿಲ್ಲ. ಇದೇ ಕಾರಣಕ್ಕೆ ಮನೆಬಾಗಿಲಿನ ಲೆಕ್ಕದಲ್ಲಿ ಸರಾಸರಿ ಹೊತ್ತಿನಷ್ಟೇ ಮುಖ್ಯವಾದದ್ದು ಭರವಸೆಯ ಹೊತ್ತು. ದಾರಿಯ ಮೇಲೆ ನಂಬಿಕೆ ಇಲ್ಲದವನು ಮೂರು ಗಂಟೆಯ ದಾರಿಗೆ ಐದು ಗಂಟೆ ಮುಂಚೆ ಹೊರಡುತ್ತಾನೆ. ಆ ಎರಡು ಗಂಟೆ ನಕ್ಷೆಯಲ್ಲೂ ಇಲ್ಲ, ಯಾವ ಇಲಾಖೆಯ ವರದಿಯಲ್ಲೂ ಇಲ್ಲ.

ದೊಡ್ಡ ನಗರಗಳಲ್ಲೂ ಇದೇ ನಡೆದಿದೆ ಎಂಬುದನ್ನು ಗಮನಿಸಬೇಕು. 2008ರ ಮಾರ್ಚ್‌ನಲ್ಲಿ ಹೈದರಾಬಾದಿನ ನಿಲ್ದಾಣ ಊರೊಳಗಿನ ಬೇಗಂಪೇಟೆಯಿಂದ ಶಂಶಾಬಾದಿಗೆ ಹೋಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಬೆಂಗಳೂರಿನದು ಎಚ್‌ಎಎಲ್‌ನಿಂದ ದೇವನಹಳ್ಳಿಗೆ ಸರಿಯಿತು. ಎರಡು ನಗರಗಳ ನಡುವಿನ ಹಾರಾಟ ಉದ್ದವಾಗಲಿಲ್ಲ, ಜನರ ಪಯಣ ಉದ್ದವಾಯಿತು. ಅಲ್ಲಿನ ಸರ್ಕಾರಗಳು ಅದನ್ನು ಅರಿತು ಬೆಂಗಳೂರಿನಲ್ಲಿ ವಾಯುವಜ್ರ, ಹೈದರಾಬಾದಿನಲ್ಲಿ ಪುಷ್ಪಕ್ ಬಸ್ಸುಗಳನ್ನು ಓಡಿಸಿದವು, ಮೇಲುರಸ್ತೆ ಕಟ್ಟಿದವು. ಮೂವತ್ತು ಕಿಲೋಮೀಟರ್ ದೂರದ ನಗರವಾಸಿಗೆ ಸಿಕ್ಕ ಈ ಕಾಳಜಿ ಇನ್ನೂರು ಕಿಲೋಮೀಟರ್ ದೂರದ ಸಣ್ಣ ಊರಿನವನಿಗೂ ಸಿಗಬೇಕು ಎಂಬುದು ಅತಿಯಾಸೆಯಲ್ಲ.

ಕೆಲವು ಪಯಣಗಳನ್ನು ಚಿಕ್ಕದು ಮಾಡುವುದಕ್ಕಿಂತ ಇಲ್ಲವಾಗಿಸುವುದೇ ಮೇಲು. ಅದೇ 2008ರ ಜುಲೈನಲ್ಲಿ ಹೈಕೋರ್ಟ್‌ನ ಸಂಚಾರಿ ಪೀಠ ಆಗ ಗುಲ್ಬರ್ಗ ಎನಿಸಿದ್ದ ಕಲಬುರಗಿಗೆ ಬಂತು, 2013ರಲ್ಲಿ ಅದು ಕಾಯಂ ಪೀಠವಾಯಿತು. ಅದಕ್ಕೆ ಮುಂಚೆ ಚಿಂಚೋಳಿಯ ರೈತ ತನ್ನ ಜಮೀನಿನ ದಾವೆಗೆ ಬೆಂಗಳೂರಿನವರೆಗೆ ಹೋಗಬೇಕಿತ್ತು. ಯಾವ ವಿಮಾನವೂ ಉಳಿಸಲಾರದಷ್ಟು ಹೊತ್ತನ್ನು ಆ ಪೀಠ ಉಳಿಸಿತು. ಜಯದೇವ ಹೃದ್ರೋಗ ಸಂಸ್ಥೆಯ ಘಟಕ ಕಲಬುರಗಿಯಲ್ಲಿ ತೆರೆದಾಗಲೂ ಹಾಗೆಯೇ ಆಯಿತು. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಆಶಯ ಕಾಗದದಿಂದ ಇಳಿದು ಜನರ ದಿನಚರಿಗೆ ತಲುಪಿದ್ದು ಇಂಥ ಕಡೆಗಳಲ್ಲಿ. ಬೆಂಗಳೂರಿಗೆ ವಿಮಾನ ಕೇಳುವ ದನಿಯಷ್ಟೇ ಗಟ್ಟಿಯಾಗಿ, ಬೆಂಗಳೂರಿಗೆ ಹೋಗದೆ ಮುಗಿಯಬಹುದಾದ ಕೆಲಸಗಳನ್ನು ಇಲ್ಲಿಗೇ ತನ್ನಿ ಎಂದೂ ಕೇಳಬೇಕು.

ಹಣವಿಲ್ಲ ಎಂಬ ಉತ್ತರ ಬಂದರೆ ಅದನ್ನು ಒಪ್ಪಲಾಗದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಇತ್ತೀಚಿನ ಬಜೆಟ್‌ಗಳಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕೇಂದ್ರ ಕಚೇರಿ ಇರುವುದು ಕಲಬುರಗಿಯಲ್ಲೇ. ಚಿಂಚೋಳಿಯಿಂದ ತಾಂಡೂರು ಹಾದಿಯಲ್ಲಿ ಒಂದು, ಶಹಾಬಾದಿನಿಂದ ಚಿತ್ತಾಪುರ–ಸೇಡಂ ಹಾದಿಯಲ್ಲಿ ಒಂದು ಬಸ್ ಸಂಜೆ ಹೊರಟು ಮಧ್ಯರಾತ್ರಿಗೆ ಮುಂಚೆ ಶಂಶಾಬಾದಿನ ಟರ್ಮಿನಲ್ ಮುಟ್ಟಿ, ಬೆಳಗ್ಗೆ ಇಳಿದವರನ್ನು ಕೂರಿಸಿಕೊಂಡು ವಾಪಸಾಗಲು ತೆಲಂಗಾಣದ ನಿಗಮದೊಂದಿಗೆ ಒಂದು ಒಪ್ಪಂದ ಬೇಕು. ಮಳಖೇಡದಲ್ಲಿ ಕಾಗಿಣೆಯ ನೆರೆಗೆ ಮುಳುಗದ ಎತ್ತರದ ಸೇತುವೆ ಬೇಕು. ವಾಡಿಯಲ್ಲಿ ವಂದೇ ಭಾರತ್ ನಿಲ್ಲಬೇಕು. ಕಲಬುರಗಿಯ ವಿಮಾನಕ್ಕೆ ಕೇಂದ್ರದ ಮೂರು ವರ್ಷದ ಗಡುವು ಮುಗಿದ ಮೇಲೂ ನಷ್ಟ ತುಂಬಿಕೊಡುವ ಹೊಣೆಯನ್ನು ರಾಜ್ಯ ಕೆಲವು ವರ್ಷ ಹೊರಬೇಕು, ಆ ಸಹಾಯಧನಕ್ಕೆ ಬಸ್ ಜೋಡಣೆಯ ಷರತ್ತು ಹಾಕಬೇಕು. ಈ ಜಿಲ್ಲೆಯ ಶಾಸಕರು, ಸಂಸದರು, ಮಂತ್ರಿಗಳು ಪ್ರಭಾವದಲ್ಲಿ ಯಾರಿಗೂ ಕಡಿಮೆಯಿಲ್ಲ. ಮಂಡಳಿಯ ಮುಂದಿನ ಕ್ರಿಯಾಯೋಜನೆ ಸಿದ್ಧವಾಗುವ ಮುನ್ನ ಶಹಾಬಾದಿನಿಂದ ದುಬೈಗೆ, ಚಿಂಚೋಳಿಯಿಂದ ಬೆಂಗಳೂರಿಗೆ ಮನೆಬಾಗಿಲಿನಿಂದ ಎಷ್ಟು ಗಂಟೆ ಹಿಡಿಯುತ್ತದೆ ಎಂದು ಅಧಿಕಾರಿಗಳಿಂದ ಒಮ್ಮೆ ಅಳೆಸಿ, ಆ ಪಟ್ಟಿಯನ್ನು ಜನರ ಮುಂದಿಡಿ ಎಂದು ಅವರನ್ನು ಕೇಳಿಕೊಳ್ಳುತ್ತೇನೆ.